‘ಪಾ ದ ದೊ’ಗೆ ‘ಜೋಡಾಟ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಕೂತು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಎರಡು ದೇಶಗಳ ಮಾತುಕತೆಯ ಕುರಿತ ಬರಹವೊಂದರಲ್ಲಿ ‘ಡಿಪ್ಲೊಮ್ಯಾಟಿಕ್ ಪಾ ದ ದೊ’ ಎಂದಿತ್ತು. ‘ಪಾ ದ ದೊ’ ಎಂದರೆ ಪಾಶ್ಚಾತ್ಯರ ಬ್ಯಾಲೆ ನೃತ್ಯದಲ್ಲಿ ಇಬ್ಬರು ಕೂಡಿ ಕುಣಿಯುವ ಭಾಗ. ಜತೆಗೆ ಕೆಲಸ ಮಾಡುವವರೊಬ್ಬರು ಥಟ್ಟನೆ ಯಕ್ಷಗಾನದ ಪದ ಹಿಡಿದು ‘ರಾಜತಾಂತ್ರಿಕ ಜೋಡಾಟ’ ಎಂದುಬಿಟ್ಟರು. ಕಿವಿಗೆ ಹಿತವಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ.

ಫ್ರೆಂಚಿನಲ್ಲಿ ‘ಪಾ’ ಅಂದರೆ ಹೆಜ್ಜೆ, ‘ದೊ’ ಅಂದರೆ ಎರಡು. ಇಬ್ಬರು ಸೇರಿ ಇಡುವ ಹೆಜ್ಜೆ. ಬರವಣಿಗೆಯಲ್ಲಿ ಕೊನೆಗೆ ಎಸ್, ಎಕ್ಸ್ ಬಂದರೂ ಬಾಯಲ್ಲಿ ಬರುವುದಿಲ್ಲ. ಬಹುವಚನಕ್ಕೂ ಅದೇ ಬರವಣಿಗೆ. (ಫ್ರೆಂಚಿನವರು ‘ಇಲ್ಲ’ ಎನ್ನಲು ಕ್ರಿಯಾಪದದ ನಂತರ ಹಚ್ಚುವ ‘ಪಾ’ ಕೂಡ ಮೂಲದಲ್ಲಿ ಇದೇ ಹೆಜ್ಜೆ. ‘ಒಂದು ಹೆಜ್ಜೆಯೂ ನಡೆಯಲಾರೆ’ ಎಂಬಲ್ಲಿನ ಹೆಜ್ಜೆ ಸವೆದು ಬರೀ ನಿಷೇಧವಾಗಿ ಉಳಿಯಿತು.) ಬ್ಯಾಲೆಯ ಪರಿಭಾಷೆ ಫ್ರೆಂಚಿನಲ್ಲೇ ನೆಲೆಯೂರಲು ಅಲ್ಲಿನ ದೊರೆ 14ನೇ ಲೂಯಿ 1661ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿಸಿದ ನೃತ್ಯ ಅಕಾಡೆಮಿ ದೊಡ್ಡ ಕಾರಣ.

19ನೇ ಶತಮಾನದ ಕೊನೆಯ ಹೊತ್ತಿಗೆ ರಷ್ಯಾದಲ್ಲಿ ನೃತ್ಯ ಸಂಯೋಜಕ ಮಾರಿಯುಸ್ ಪೆಟಿಪಾ ‘ಪಾ ದ ದೊ’ಗೊಂದು ಗಟ್ಟಿ ಚೌಕಟ್ಟು ಕೊಟ್ಟ: ಇಬ್ಬರ ಪ್ರವೇಶ, ನಿಧಾನಗತಿಯ ಅದಾಜಿಯೊ, ಆಮೇಲೆ ಒಬ್ಬೊಬ್ಬರದೇ ಕುಣಿತ, ಕಡೆಗೆ ಇಬ್ಬರೂ ಕೂಡಿ ಬಿರುಸಿನ ಕೋಡಾ. ನನ್ನ ತಕರಾರು ಹುಟ್ಟುವುದು ಅದಾಜಿಯೊದಲ್ಲೇ. ನರ್ತಕಿ ಕಾಲ್ಬೆರಳ ತುದಿಯಲ್ಲಿ ನಿಂತು ಬಾಗುವಾಗ ನರ್ತಕನ ಕೈ ಆಸರೆಯಾಗಿರುತ್ತದೆ. ಅವನು ಕೈಬಿಟ್ಟರೆ ಅವಳು ಬಿದ್ದಳು. ಇಂಗ್ಲಿಷಿನ ರೂಪಕಾರ್ಥವೂ ಇಲ್ಲಿಂದಲೇ ಬಂದಂತಿದೆ: ಒಬ್ಬರ ನಡೆ ನೋಡಿಕೊಂಡು ಇನ್ನೊಬ್ಬರ ನಡೆ. ಎಷ್ಟೋ ಸಲ ‘ಇವರ ಜಗಳವೂ ಮೊದಲೇ ಅಭ್ಯಾಸ ಮಾಡಿದ್ದು’ ಎಂಬ ಕೊಂಕೂ ಸೇರಿರುತ್ತದೆ.

ಯಕ್ಷಗಾನದ ಜೋಡಾಟ ಹಾಗಲ್ಲವಲ್ಲ! ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ, ಎದುರಾಎದುರು ಪೈಪೋಟಿ. ಆಚೆ ರಂಗದವನು ಎಡವಿದರೆ ಈಚೆಯವರಿಗೆ ಹಬ್ಬ. ಕರಾವಳಿಯ ಓದುಗ ‘ರಾಜತಾಂತ್ರಿಕ ಜೋಡಾಟ’ ಎಂದು ಓದಿದರೆ ಎರಡೂ ದೇಶ ಜಿದ್ದಿಗೆ ಬಿದ್ದಿವೆ ಎಂದೇ ತಿಳಿದಾನು. ಘಟ್ಟದ ಮೇಲಿನವರು ಹೇಗೆ ಓದುತ್ತಾರೋ, ಅಲ್ಲಿನವರೇ ಹೇಳಬೇಕು. ಎರಡು ಮೇಳದವರು ಒಂದೇ ರಂಗದಲ್ಲಿ ಕಲೆತು ಆಡುವ ಕೂಡಾಟ ಸ್ವಲ್ಪ ಹತ್ತಿರ, ಆದರೆ ಅಲ್ಲಿ ‘ಇಬ್ಬರೇ’ ಎಂಬುದು ಮರೆಯಾಗುತ್ತದೆ.

‘ಯುಗಳ ನೃತ್ಯ’ ಬ್ಯಾಲೆಯ ವರದಿಗೆ ಸಾಕು, ರಾಜಕೀಯಕ್ಕೆ ಸಪ್ಪೆ. ‘ಒಳಒಪ್ಪಂದ’ ನೇರ ಆರೋಪವಾಯಿತು. ಪತ್ರಿಕೆಗಳ ‘ಜುಗಲ್‌ಬಂದಿ’ಯಲ್ಲಿ ಇಬ್ಬರ ಹೊಂದಾಣಿಕೆ ಇದೆ, ಆದರೆ ಕೊಂಕಿಲ್ಲ. ಸದ್ಯಕ್ಕೆ ‘ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹಾಕುವ ರಾಜತಾಂತ್ರಿಕ ಕುಣಿತ’ ಎಂದು ಬರೆದಿಟ್ಟಿದ್ದೇನೆ. ತಲೆಬರಹಕ್ಕೆ ತೀರಾ ಉದ್ದ. ಕೊಂಕು ಉಳಿಯುವಂತೆ, ಎರಡೇ ಪದದಲ್ಲಿ ಯಾರಾದರೂ ಹೇಳಬಲ್ಲಿರಾ?