ಪರ್ಮಾಂಗನೇಟ್ ಟೈಟ್ರೇಷನ್: ಬಿಸಿ ಮೊದಲೋ, ಆಮೇಲೋ?

ಮಂಜೇಶ್ವರ ಪ್ಲಸ್ ಟು: ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯ್ತು ಅಂತ ಅಳೆಯುವುದು) ಮಾಡ್ತಾ ಇದ್ದೇನೆ. ಫ್ಲಾಸ್ಕ್‌ನಲ್ಲಿ 0.05 ಮೋಲಾರ್ ಆಕ್ಸಾಲಿಕ್ ಆಮ್ಲ 20 ಮಿ.ಲೀ., ಬ್ಯುರೆಟ್‌ನಲ್ಲಿ (ಹನಿ ಬಿಡುವ ಅಳತೆ ಕೊಳವೆ) ಪರ್ಮಾಂಗನೇಟ್. ರೀಡಿಂಗ್ 20.1, 19.4, 20.9 ಅಂತ ಬರ್ತಾ ಉಂಟು. ಕೊನೆಯದರಲ್ಲಿ ಕಂದು ಕೂತಿತ್ತು. ಸಲ್ಫ್ಯೂರಿಕ್ ಆ್ಯಸಿಡ್ 5 ಮಿ.ಲೀ. ಹಾಕಿದ್ದು ಸಾಲದೇ ಹೋಯ್ತಾ ಮಾಷ್ಟ್ರೇ?

ಪೆರ್ಲದ ಮಾಷ್ಟ್ರು: ಕಂದು ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಐದು ಎಲೆಕ್ಟ್ರಾನ್ ತೆಗೆದುಕೊಳ್ಳಬೇಕಾದ ಪರ್ಮಾಂಗನೇಟಿನ ಮ್ಯಾಂಗನೀಸ್ ಮೂರಕ್ಕೇ ನಿಂತುಬಿಟ್ಟಿದೆ, ಅದಕ್ಕೇ ಪರ್ಮಾಂಗನೇಟ್ ದ್ರಾವಣ ಹೆಚ್ಚು ಬೇಕಾಯಿತು. 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 20 ಮಿ.ಲೀ. ಹಾಕಿ, 60ರಿಂದ 70 ಡಿಗ್ರಿಗೆ ಬಿಸಿ ಮಾಡಿ. ಕುದಿಸಬೇಡಿ. ಕುದಿದರೆ ಆಕ್ಸಾಲಿಕ್ ಆಮ್ಲವೇ ಒಡೆದು ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್, ನೀರಾಗುತ್ತದೆ. 19.4 ಬಂದದ್ದು ಅದರಿಂದಲೇ.

ಬದಿಯಡ್ಕ ಲ್ಯಾಬ್: ಒಂದು ಕುದಿಗೆ ಅಷ್ಟು ನಷ್ಟವಾಗಲಿಕ್ಕಿಲ್ಲ ಮಾಷ್ಟ್ರೇ. ಪಿಪೆಟ್ಟನ್ನು (ಆಕ್ಸಾಲಿಕ್ ಆಮ್ಲ ಅಳೆದು ಹೀರುವ ಕೊಳವೆ) ನೀರಿನಲ್ಲಿ ತೊಳೆದು ಹಾಗೇ ಹೀರಿದ್ದಾರಾ ಅಂತ ಮೊದಲು ಕೇಳಬೇಕು. ಒಳಗಿನ ನೀರು ಆಮ್ಲವನ್ನು ತೆಳು ಮಾಡುತ್ತದೆ. ಪಿಪೆಟ್ಟನ್ನು ಆಕ್ಸಾಲಿಕ್ ದ್ರಾವಣದಲ್ಲೇ ಎರಡು ಸಲ ತೊಳೆಯಬೇಕು, ಫ್ಲಾಸ್ಕನ್ನು ಮಾತ್ರ ಬರೀ ನೀರಿನಲ್ಲಿ. ಇನ್ನು ಆ್ಯಸಿಡ್ ವಿಷಯ: ಈ ಆಕ್ಸಾಲಿಕ್ ಆಮ್ಲಕ್ಕೆ ತಗಲುವ 0.4 ಮಿಲಿಮೋಲ್ ಪರ್ಮಾಂಗನೇಟಿಗೆ ಹೊರಗಿಂದ ಬೇಕಾದ ಹೈಡ್ರೋಜನ್ ಅಯಾನ್ 1.2 ಮಿಲಿಮೋಲ್. ಲೆಕ್ಕಕ್ಕೆ 5 ಮಿ.ಲೀ. ಧಾರಾಳ.

ಪೆರ್ಲದ ಮಾಷ್ಟ್ರು: ಪಿಪೆಟ್ಟಿನ ಮಾತು ಒಪ್ಪಿದೆ. ಆದರೆ ಆ್ಯಸಿಡ್ ಲೆಕ್ಕಕ್ಕೆ ಸಾಕಾದರೂ ವೇಗಕ್ಕೆ ಸಾಲುವುದಿಲ್ಲ. ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ಪರ್ಮಾಂಗನೇಟೇ ಹೆಚ್ಚು, ಆಮ್ಲ ಕಮ್ಮಿ. ಅಲ್ಲೇ ಕಂದು ಹುಟ್ಟುವುದು.

ಬದಿಯಡ್ಕ ಲ್ಯಾಬ್: ಹಾಗಾದರೆ ಮುಖ್ಯ ತಪ್ಪು ಮೊದಲ ಹನಿಯಲ್ಲೇ. ಅದರ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಆಮೇಲೆ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಓಡಿಸುತ್ತದೆ. ಒಂದು ಹನಿ ಹಾಕಿ, ಫ್ಲಾಸ್ಕ್ ಆಡಿಸುತ್ತಾ ಬಣ್ಣ ಪೂರ್ತಿ ಹೋಗುವವರೆಗೆ ಕಾಯಿರಿ, ಆಮೇಲೆ ಎರಡನೆಯದು. ಇನ್ನೊಂದು ಕ್ರಮವೂ ಉಂಟು: ಆಮ್ಲ ಧಾರಾಳ ಹಾಕಿ ತಣ್ಣಗಿರುವಾಗಲೇ ಸುಮಾರು 18 ಮಿ.ಲೀ. ಪರ್ಮಾಂಗನೇಟ್ ಫ್ಲಾಸ್ಕಿಗೆ ಬಿಟ್ಟು, ಬಣ್ಣ ಹೋದ ಮೇಲೆ 55ರಿಂದ 60 ಡಿಗ್ರಿಗೆ ಬಿಸಿ ಮಾಡಿ ಮುಗಿಸುವುದು. ಕುದಿಸುವ ಭಯವೇ ಇಲ್ಲ.

ಪೆರ್ಲದ ಮಾಷ್ಟ್ರು: ಅದು ಒಳ್ಳೆಯ ಕ್ರಮವೇ. ಆದರೆ ಮೊದಲ ರೀಡಿಂಗ್ ಗೊತ್ತಿಲ್ಲದವನು 18ರಲ್ಲಿ ನಿಲ್ಲಿಸುವುದು ಹೇಗೆ? ಪರೀಕ್ಷೆಯಲ್ಲಿ ಮೊದಲೇ ಬಿಸಿ ಮಾಡುವುದೇ ಸಲೀಸು.

ಕುಂಬಳೆ ಟೀಚರ್: ಪರ್ಮಾಂಗನೇಟ್ ದ್ರಾವಣ ಯಾವ ನೀರಲ್ಲಿ ಮಾಡಿದ್ದು ಅಂತ ಯಾರೂ ಕೇಳಲಿಲ್ಲ. ಮುರಕಲ್ಲಿನ ಬಾವಿ ನೀರಲ್ಲಿ ಕಬ್ಬಿಣ, ಕೊಳೆತ ಎಲೆಯ ಅಂಶ ಇದ್ದರೆ ಅವೇ ಪರ್ಮಾಂಗನೇಟನ್ನು ತಿನ್ನುತ್ತವೆ, ಬಾಟಲಿಯ ತಳದಲ್ಲಿ ಕಂದು ಮಡ್ಡಿ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ 250 ಮಿ.ಲೀ.ಗೆ ಪೊಟ್ಯಾಸಿಯಂ ಪರ್ಮಾಂಗನೇಟ್ 0.79 ಗ್ರಾಂ ಸಾಕು. ಸೋಸುವುದಾದರೆ ಗ್ಲಾಸ್ ವುಲ್‌ನಲ್ಲಿ. ಕಾಗದ ಅದನ್ನು ಕೆಡಿಸುತ್ತದೆ. ಬ್ಯುರೆಟ್ ಓದುವಾಗ ಗಾಢ ಬಣ್ಣದಲ್ಲಿ ದ್ರಾವಣದ ಮೇಲ್ಮೈಯ ಕೆಳಗಿನ ವಕ್ರ ಕಾಣದು, ಮೇಲಿನ ಅಂಚನ್ನೇ ಓದಿ.

ಮಂಜೇಶ್ವರ ಪ್ಲಸ್ ಟು: ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಿದ್ರೆ?

ಬದಿಯಡ್ಕ ಲ್ಯಾಬ್: ಬೇಡ. ಕ್ಲೋರೈಡ್ ಕ್ಲೋರಿನ್ ಆಗುತ್ತದೆ, ರೀಡಿಂಗ್ ಏರುತ್ತದೆ. ನೈಟ್ರಿಕ್ ತಾನೇ ಉತ್ಕರ್ಷಕ (ಪರ್ಮಾಂಗನೇಟಿನ ಹಾಗೆ ಎಲೆಕ್ಟ್ರಾನ್ ಕಸಿಯುವಂಥದ್ದು), ಅದರಲ್ಲಿ ರೀಡಿಂಗ್ ಇಳಿಯುತ್ತದೆ. ಕೊನೆಯಲ್ಲಿ ಫ್ಲಾಸ್ಕ್‌ನಲ್ಲಿ ತಿಳಿಗುಲಾಬಿ ಬಣ್ಣ 30 ಸೆಕೆಂಡ್ ನಿಂತರೆ ಅಲ್ಲಿಗೇ ಓದಿಬಿಡಿ. ಆಮೇಲೆ ಬಣ್ಣ ಮಾಸಿತೆಂದು ಇನ್ನೊಂದು ಹನಿ ಸೇರಿಸಬೇಡಿ.