ಹಳ್ಳಿ ಕಡೆಯ ಪದವಿ ಕಾಲೇಜು ನಡೆಸುವವರಿಗೆ ಏನೇನು ಗೊತ್ತಿರಬೇಕು?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಮುಂದಿನ ತಿಂಗಳಿಂದ ನಾನು ಪ್ರಭಾರ ಪ್ರಾಂಶುಪಾಲೆ. ಪಾಠ ಮಾಡಿ ಗೊತ್ತು, ಕಾಲೇಜು ನಡೆಸಿ ಗೊತ್ತಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ನಿವೃತ್ತ ಪ್ರಾಂಶುಪಾಲ, ಸಿಂಧನೂರು:
ಮೇಡಂ, ಮೊದಲ ವಾರ ಬಸ್ ವೇಳಾಪಟ್ಟಿ ಹಿಡಿದು ಕೂರಿ. ಯಾವ ಊರಿನ ಬಸ್ ಎಷ್ಟು ಗಂಟೆಗೆ ಬರುತ್ತದೆ, ಸಂಜೆ ಕೊನೆಯ ಬಸ್ ಯಾವಾಗ ಎಂದು ನೋಡದೆ ಮಾಡಿದ ತರಗತಿ ವೇಳಾಪಟ್ಟಿ ಗೋಡೆಯ ಮೇಲಷ್ಟೇ ಉಳಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತೀರಿತು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದೇ ಈಗಿನ ಕಷ್ಟ. ಡಿಪೊ ವ್ಯವಸ್ಥಾಪಕರಿಗೆ ಪತ್ರ ಬರೆದು ಸುಮ್ಮನಾಗಬೇಡಿ. ಊರುವಾರು ವಿದ್ಯಾರ್ಥಿಗಳ ಪಟ್ಟಿ ಹಿಡಿದು ನೀವೇ ಹೋಗಿ ಮಾತಾಡಿ. ನಾನು ಹಾಗೆ ಹೋಗಿ ಬಂದ ಮೇಲೆಯೇ ಮಧ್ಯಾಹ್ನದ ಬಸ್ಸೊಂದು ಕಾಲೇಜಿನ ಮುಂದೆ ನಿಲ್ಲತೊಡಗಿತು, ಹುಡುಗಿಯರು ಕೊನೆಯ ಅವಧಿಗೂ ಕೂತರು.

ಇನ್ನು ಸುಗ್ಗಿ. ನವೆಂಬರ್, ಡಿಸೆಂಬರ್‌ನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬರುತ್ತದೆ, ಒಣಭೂಮಿಯ ಕಡೆ ಹತ್ತಿ ಬಿಡಿಸುತ್ತಾರೆ. ತರಗತಿ ಅರ್ಧ ಖಾಲಿ. ಬಾರದವರನ್ನು ಸೋಮಾರಿಗಳೆಂದು ಬೈಯುವವರನ್ನು ಕಂಡಿದ್ದೇನೆ. ಆ ಮಾತು ನನಗೆ ಸಹಿಸಲಾಗದು. ಪರೀಕ್ಷಾ ಶುಲ್ಕ ಆ ಕೂಲಿಯಲ್ಲೇ ಹುಟ್ಟಬೇಕು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಮಕ್ಕಳ ಜೊತೆ ಕಾಲೇಜಿಗೆ ಬಂದ ತಂದೆಯರೂ ಕಾಲುವೆಯ ನೀರಿನ ಮಾತನ್ನೇ ಆಡುತ್ತಿದ್ದರು. ಆಂತರಿಕ ಪರೀಕ್ಷೆಯನ್ನು ಸುಗ್ಗಿಯ ವಾರಗಳಿಂದ ಸರಿಸಿ. ಹಾಜರಿ ಪರೀಕ್ಷೆಗೆ ಕೂರಲು ಬೇಕಾದ ಶೇ 75ಕ್ಕಿಂತ ಕೆಳಗೆ ಇಳಿಯದಂತೆ ಮೊದಲೇ ಹೆಚ್ಚುವರಿ ತರಗತಿ ನಡೆಸಿ. ಬೆಂಗಳೂರಿಗೆ ಗುಳೆ ಹೋದ ಮನೆಯ ಮಕ್ಕಳು ಮಾತ್ರ ತಾವಾಗಿ ಮರಳುವುದು ಕಷ್ಟ. ವಾರಗಟ್ಟಲೆ ಕಾಣದವರ ಮನೆಗೆ ಫೋನ್ ಮಾಡುವ ಹೊಣೆಯನ್ನು ಆ ಊರಿನ ಪರಿಚಯವಿರುವ ಉಪನ್ಯಾಸಕರಿಗೇ ವಹಿಸಿ.

ಅತಿಥಿ ಉಪನ್ಯಾಸಕಿ, ಸಿರುಗುಪ್ಪ:
ಮೇಡಂ, ನಮ್ಮ ಕಾಲೇಜಿನಲ್ಲಿ ಬಹುಪಾಲು ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ನಿಮ್ಮಲ್ಲೂ ಹಾಗೇ ಇರಬಹುದು. ಗೌರವಧನ ಬಿಡುಗಡೆ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಆದರೆ ಬಿಲ್ಲಿಗೆ ಸಹಿ ಹಾಕಿ ಕಳಿಸುವುದು ನಿಮ್ಮದೇ ಕೆಲಸ. ಅದು ಒಂದು ದಿನವೂ ತಡವಾಗದಿರಲಿ. 2023ರ ಕೊನೆಯಲ್ಲಿ ರಾಜ್ಯದಾದ್ಯಂತ ನಾವು ಮುಷ್ಕರ ಹೂಡಿದಾಗ ಆಗಿನ ನಮ್ಮ ಪ್ರಾಂಶುಪಾಲರು ಧರಣಿಯ ಜಾಗಕ್ಕೆ ಬಂದು ಯೋಗಕ್ಷೇಮ ಕೇಳಿ ಹೋದರು. ಮರಳಿದ ಮೇಲೆ ಯಾರೂ ಹೇಳದೆಯೇ ಭಾನುವಾರವೂ ಪಾಠ ಮಾಡಿ ಪಠ್ಯ ಮುಗಿಸಿಕೊಟ್ಟೆವು. 2021ರಲ್ಲಿ ರಾಜ್ಯದ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹಳೆಯ ತಂಡಕ್ಕೊಂದು, ಹೊಸ ತಂಡಕ್ಕೊಂದು ಪಠ್ಯಕ್ರಮ ಹೊತ್ತು ಏಗಿದವರಲ್ಲಿ ನಾವೂ ಇದ್ದೇವೆ. ಸಿಬ್ಬಂದಿ ಸಭೆಗೆ ನಮ್ಮನ್ನೂ ಕರೆಯಿರಿ.

ಕಚೇರಿ ಅಧೀಕ್ಷಕ, ರಾಯಚೂರು ಜಿಲ್ಲೆ:
ಅಧಿಕಾರ ವಹಿಸಿಕೊಳ್ಳುವ ದಿನ ನಗದು ಪುಸ್ತಕಕ್ಕೂ ಬ್ಯಾಂಕ್ ಲೆಕ್ಕಕ್ಕೂ ತಾಳೆ ನೋಡಿಯೇ ಸಹಿ ಮಾಡಿ. ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರು ಅಧ್ಯಕ್ಷರಾಗಿರುತ್ತಾರೆ. ಅವರ ಬಳಿ ‘ಸೌಕರ್ಯ ಬೇಕು’ ಎಂದು ಹೋದರೆ ಭರವಸೆ ಸಿಗುತ್ತದೆ; ವಿದ್ಯಾರ್ಥಿನಿಯರ ಶೌಚಾಲಯಕ್ಕೆ ಇಷ್ಟು ಎಂದು ಅಂದಾಜು ಪಟ್ಟಿ ಒಯ್ದರೆ ಕೆಲಸ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ಮಾತು 371ಜೆ ಬಗ್ಗೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿಯ ಬಗ್ಗೆ. ಈ ಭಾಗದ ಸ್ಥಳೀಯ ವೃಂದದಲ್ಲಿ (ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ) ನಮ್ಮವರಿಗೆ ಎ, ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಮೀಸಲಿದೆ. ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರವಿಲ್ಲದೆ ಅದು ದಕ್ಕದು. ನೇಮಕಾತಿ ಪ್ರಕಟಣೆ ಬಂದ ಮೇಲೆ ಓಡಾಡುವ ಮಕ್ಕಳನ್ನು ನೋಡಿ ಹೊಟ್ಟೆ ಉರಿದಿದೆ. ಅಂತಿಮ ವರ್ಷದವರ ಅರ್ಜಿಗಳನ್ನು ಕಾಲೇಜಿನಲ್ಲೇ ಒಟ್ಟಿಗೆ ತುಂಬಿಸಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತರಿಸಿಡಿ.