‘ಜಿನಾ’ವನ್ನು ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಅನುವಾದ ಹಿಡಿದು ಕೂತಿದ್ದೇನೆ. ನೈಜೀರಿಯಾದ ಆಮಿನಾ ಲಾವಲ್ ಅವರ ಮೊಕದ್ದಮೆ ಬಗ್ಗೆ ಬರೆದದ್ದು. ನಾಲ್ಕು ದಿನದಿಂದ ಒಂದೇ ಪದ ಕಾಡುತ್ತಿದೆ: ಜಿನಾ. ಇಸ್ಲಾಮಿ ಕಾನೂನಿನಲ್ಲಿ ನಿಕಾಹ್ ಇಲ್ಲದ ಕೂಟಕ್ಕೆ ಇರುವ ಹೆಸರು. ಮೊದಲ ಕರಡಿನಲ್ಲಿ ಸುಮ್ನೆ ‘ವ್ಯಭಿಚಾರ’ ಎಂದು ಬರೆದು ಮುಂದೆ ಹೋದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅದು ಕೈ ಕೊಟ್ಟಿತು.

ಯಾಕೆ ಅಂತ ಹೇಳುತ್ತೇನೆ. ಆಮಿನಾ ಕಟ್ಸಿನಾ ರಾಜ್ಯದ ಕುರಾಮಿ ಎಂಬ ಹಳ್ಳಿಯವರು. ಅವರಿಗೆ ತಲಾಖ್ ಆಗಿತ್ತು. ಆಮೇಲೆ ಒಂದು ಹೆಣ್ಣು ಮಗು ಹುಟ್ಟಿತು. 2002ರ ಮಾರ್ಚ್‌ನಲ್ಲಿ ಬಕೋರಿಯ ಶರಿಯಾ ಕೋರ್ಟು ಇದು ಜಿನಾ ಎಂದು ಕಲ್ಲು ಹೊಡೆದು ಸಾಯಿಸುವ ಶಿಕ್ಷೆ ಕೊಟ್ಟಿತು. ಆಗಸ್ಟ್‌ನಲ್ಲಿ ಫುಂಟುವಾದ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮಗು ಹಾಲು ಬಿಡುವ ತನಕ ಕಾಯೋಣ ಎಂದಿತು, ಅಷ್ಟೇ. ಮಗುವಿನ ತಂದೆ ಎನ್ನಲಾದ ಗಂಡಸು ‘ನಾನಲ್ಲ’ ಎಂದ. ಅವನನ್ನು ಬಿಟ್ಟುಬಿಟ್ಟರು.

ಈಗ ನೋಡಿ, ಇಲ್ಲಿ ಗಂಡನೇ ಇಲ್ಲ. ನಮ್ಮ ಪತ್ರಿಕೆಗಳು ಬಳಸುವ ‘ವಿವಾಹೇತರ ಸಂಬಂಧ’ ಹೇಗೆ ಹೊಂದುತ್ತದೆ? ಮದುವೆಯೇ ಮುಗಿದ ಮೇಲೆ ಅದರಿಂದ ಹೊರಗೆ ಹೋಗುವುದೆಲ್ಲಿಂದ ಬಂತು? ಆದರೆ ಅಲ್ಲಿ ನಡೆಯುವುದು ಇಸ್ಲಾಮಿ ಕಾನೂನಿನ ಪಂಥಗಳಲ್ಲಿ ಒಂದಾದ ಮಾಲಿಕಿ ಪಂಥದ ಕಾನೂನು. ಒಮ್ಮೆ ಮದುವೆಯಾಗಿ ಸಂಸಾರ ಮಾಡಿದವರು ‘ಮುಹ್ಸನ್’. ಆಮೇಲೆ ತಲಾಖ್ ಆದರೂ ಆ ಹಣೆಪಟ್ಟಿ ಹೋಗುವುದಿಲ್ಲ. (ಈ ಪದದ ಮೂಲದಲ್ಲಿ ಕೋಟೆ ಇದೆ. ಹಿಸ್ನ್ ಅಂದರೆ ಕೋಟೆ. ಕೋಟೆಯೊಳಗೆ ಕಾಪಾಡಲ್ಪಟ್ಟವರು ಅನ್ನುವ ಭಾವ. ಈ ಮೊಕದ್ದಮೆಯಲ್ಲಿ ಯಾರು ಯಾರನ್ನು ಕಾಪಾಡಿದರೋ!) ಮುಹ್ಸನ್ ಆದವರಿಗೆ ಕಲ್ಲೇಟು, ಮದುವೆಯೇ ಆಗದವರಿಗೆ ನೂರು ಛಡಿ ಏಟು. ಎರಡೂ ಜಿನಾ. ನಿಕಾಹ್ ಇಲ್ಲದ ಕೂಟವೆಲ್ಲ ಜಿನಾ. ಕುರ್‌ಆನ್‌ನಲ್ಲಿ ಇರುವುದು ನೂರು ಏಟು ಮಾತ್ರ. ಕಲ್ಲಿನ ಶಿಕ್ಷೆಯನ್ನು ಹದೀಸ್‌ಗಳಿಂದ, ಅಂದರೆ ಪ್ರವಾದಿಯ ನಡೆನುಡಿಯ ದಾಖಲೆಗಳಿಂದ, ತೆಗೆದಿದ್ದಾರೆ.

ನಮ್ಮ ದಂಡಸಂಹಿತೆಯ ವ್ಯಭಿಚಾರದ ಕಲಂ, 497ನೇದು, ನೆನಪಿದೆಯಲ್ವಾ? 2018ರಲ್ಲಿ ಸುಪ್ರೀಂ ಕೋರ್ಟು ಹೊಡೆದು ಹಾಕಿದ್ದು. ಅದರಲ್ಲಿ ತಪ್ಪಾಗುತ್ತಿದ್ದುದು ಗಂಡನಿಗೆ. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ಜೈಲು ಆ ಇನ್ನೊಬ್ಬ ಗಂಡಸಿಗೆ ಮಾತ್ರ, ಹೆಂಗಸಿಗಿಲ್ಲ. ಜಿನಾದಲ್ಲಿ ತಪ್ಪು ದೇವರಿಗೆ ಮಾಡಿದ್ದು. ಗಂಡನ ಒಪ್ಪಿಗೆ ಕಟ್ಟಿಕೊಂಡು ಅಲ್ಲಿ ಏನೂ ಆಗುವುದಿಲ್ಲ. ಎರಡಕ್ಕೂ ನಾವು ಒಂದೇ ‘ವ್ಯಭಿಚಾರ’ ಎಂದರೆ ಓದುವವರಿಗೆ ಏನು ತಿಳಿಯಬೇಕು?

ಆ ಪದವಾದರೂ ಎಷ್ಟು ಕಡೆ ಓಡಾಡಿದೆ! ತರ್ಕಶಾಸ್ತ್ರದಲ್ಲಿ ಹೇತು, ಅಂದರೆ ಕೊಟ್ಟ ಕಾರಣ, ದಾರಿ ತಪ್ಪಿದರೆ ವ್ಯಭಿಚಾರ. ಕಾವ್ಯದ ರಸದ ಚರ್ಚೆಯಲ್ಲಿ ಮೂವತ್ತಮೂರು ವ್ಯಭಿಚಾರಿ ಭಾವಗಳು, ಬಂದು ಹೋಗುವ ಭಾವಗಳು. ಅಲ್ಲಿ ಯಾರಿಗೂ ಮುಜುಗರವಿಲ್ಲ.

‘ಹಾದರ’ ಬಳಸೋಣ ಎಂದರು ಒಬ್ಬ ಸ್ನೇಹಿತರು. ಹಳಗನ್ನಡದ ‘ಪಾದರ’, ನಮ್ಮದೇ ಪದ ಎಂದು ಅವರ ವಾದ. ವಚನಕಾರ್ತಿಯರ ಸಾಲಿನಲ್ಲಿ ‘ಹಾದರ ಕಾಯಕದ ಮಾರಯ್ಯಗಳ ಪುಣ್ಯಸ್ತ್ರೀ ಗಂಗಮ್ಮ’ ಎಂಬ ಹೆಸರೇ ಇದೆ. ಆದರೆ ಇವತ್ತು ಅದು ಬೈಗುಳ. ಅದೂ ಹೆಂಗಸಿಗೇ ಜಾಸ್ತಿ. ಹಾದರಗಿತ್ತಿ ಎಂದರೆ ಊರೇ ತಿರುಗಿ ನೋಡುತ್ತದೆ. ‘ಹಾದರಿಗ’ ಎಂದು ಬೈದದ್ದನ್ನು ನಾನಂತೂ ಕೇಳಿಲ್ಲ. ತೀರ್ಪು ಬರುವ ಮೊದಲೇ ಪದವೇ ತೀರ್ಪು ಕೊಟ್ಟರೆ ಹೇಗೆ? ಕುರ್‌ಆನ್ ಜಿನಾದ ಆರೋಪಕ್ಕೆ ನಾಲ್ಕು ಸಾಕ್ಷಿ ಕೇಳುತ್ತದೆ. ತರಲಾಗದೆ ಸುಮ್ಮಸುಮ್ಮನೆ ಹೆಂಗಸಿನ ಮೇಲೆ ಹೇಳಿದವನಿಗೆ ಎಂಬತ್ತು ಏಟು. ಇದರ ಹೆಸರು ಕಜ್ಫ್. ನಾವು ತಲೆಬರಹದಲ್ಲೇ ಆ ಕೆಲಸ ಮುಗಿಸಿಬಿಡುತ್ತೇವೆ.

ಪಾಕಿಸ್ತಾನದ ಕಡೆ ಹೋದರೆ ಇನ್ನೂ ಕಷ್ಟ. 1979ರಲ್ಲಿ ಅಲ್ಲಿನ ಸೇನಾಡಳಿತಗಾರ ಜಿಯಾ ಉಲ್ ಹಕ್ ತಂದ ಹುದೂದ್ (ಧರ್ಮ ಗೊತ್ತುಮಾಡಿದ ಶಿಕ್ಷೆಗಳ) ಕಾಯಿದೆಯಲ್ಲಿ ಅತ್ಯಾಚಾರಕ್ಕೆ ಇಟ್ಟ ಹೆಸರು ‘ಜಿನಾ ಬಿಲ್ ಜಬ್ರ್’. ಜಬರದಸ್ತಿನ ಜಿನಾ. ‘ಬಲಾತ್ಕಾರದ ವ್ಯಭಿಚಾರ’ ಎಂದು ಅನುವಾದಿಸಿ ನೋಡಿ, ನಾಲಿಗೆಗೆ ಕಹಿಯಾಗುತ್ತದೆ. ಆದರೆ ಅದೇ ಸರಿಯಾದ ಅನುವಾದ, ಯಾಕೆಂದರೆ ಎಡವಟ್ಟು ಆದದ್ದೇ ಅಲ್ಲಿ. ಜಬರದಸ್ತು ಸಾಬೀತಾಗದಿದ್ದರೆ ಉಳಿಯುತ್ತಿದ್ದುದು ಬರೀ ಜಿನಾ, ಅದಕ್ಕೆ ಬಸಿರೇ ಸಾಕ್ಷಿಯಾಗುತ್ತಿತ್ತು. ಕಣ್ಣು ಕಾಣದ ಒಬ್ಬ ಹುಡುಗಿ ಅತ್ಯಾಚಾರವಾಯಿತು ಎಂದು ಹೇಳಿಕೊಂಡಳು. ಆರೋಪ ಹೊತ್ತ ಗಂಡಸರು ಬಿಡುಗಡೆಯಾದರು. ಅವಳಿಗೆ ಮೂರು ವರ್ಷ ಜೈಲು, 15 ಏಟು. 1983ರಲ್ಲಿ ಫೆಡರಲ್ ಶರಿಯತ್ ಕೋರ್ಟು ಅದನ್ನು ರದ್ದು ಮಾಡಿತು. ಅತ್ಯಾಚಾರವನ್ನು ಜಿನಾದಿಂದ ಬೇರೆ ಮಾಡಿ ದಂಡಸಂಹಿತೆಗೆ ಸೇರಿಸಲು 2006ರ ತನಕ ಬೇಕಾಯಿತು. ಹಾಗಾಗಿ ಇಲ್ಲಿ ‘ಅತ್ಯಾಚಾರ’ ಎಂದು ಚೊಕ್ಕ ಮಾಡಿ ಬರೆದರೆ ಕಾನೂನಿನ ಹುಳುಕು ಮುಚ್ಚಿಹೋಗುತ್ತದೆ. ನಾನು ‘ಜಬರದಸ್ತಿನ ಜಿನಾ’ ಎಂದೇ ಇಟ್ಟಿದ್ದೇನೆ. ತಪ್ಪಾ?

‘ಹುದೂದ್’ ಮಾತ್ರ ಖುಷಿ ಕೊಟ್ಟಿತು. ಅದು ‘ಹದ್ದ್’ನ ಬಹುವಚನ. ಎಲ್ಲೆ, ಗಡಿ ಎಂದು ಅರ್ಥ. ದೇವರು ಹಾಕಿದ ಗೆರೆ, ನ್ಯಾಯಾಧೀಶ ಹೆಚ್ಚು ಕಡಿಮೆ ಮಾಡುವ ಹಾಗಿಲ್ಲ. ನಾವು ‘ಹದ್ದು ಮೀರಬೇಡ’ ಅನ್ನುವುದು ಇದೇ ಪದ! ಸರಹದ್ದು, ಹದ್ದುಬಸ್ತು ಎಲ್ಲ ಇದರ ಮಕ್ಕಳು. ಹಾಗಾಗಿ ‘ಹದ್ದಿನ ಶಿಕ್ಷೆ’ ಎಂದು ಬರೆದೆ. ಮನೆಯಲ್ಲಿ ಓದಿದವರು ‘ಹದ್ದು ಬಂದು ಕುಕ್ಕುತ್ತಾ?’ ಎಂದರು. ಹೊಡೆದು ಹಾಕಿದೆ. ಕಲ್ಲು ಹೊಡೆದು ಸಾಯಿಸುವುದಕ್ಕೆ ‘ಕಲ್ಲೆಸೆತ’ವೂ ಬೇಡ. ಅದು ಗಲಾಟೆಯಲ್ಲಿ ಬಸ್ಸಿಗೆ ಬೀಳುವುದು.

ನನ್ನ ಒಲವು ‘ಜಿನಾ’ವನ್ನು ಹಾಗೇ ಬಿಟ್ಟು ಮೊದಲ ಸಲ ಬಂದಾಗ ಒಂದು ಸಾಲು ಬಿಡಿಸಿ ಹೇಳುವುದು. ‘ಜಿನ’ನ ಭಕ್ತರಿಗೆ ಗೊಂದಲವಾದೀತು ಎಂಬುದು ನಿಜವಾದ ತೊಡಕು. ಜ ಕೆಳಗೆ ಚುಕ್ಕಿ ಇಟ್ಟರೆ ಯಾರಾದರೂ ಗಮನಿಸುತ್ತಾರಾ?

ಈ ಒಲವಿಗೆ ಕಾರಣ ಆಮಿನಾ ಅವರ ಮೊಕದ್ದಮೆಯಲ್ಲೇ ಇದೆ. ಮನೆಮಾತು ಹೌಸಾ, ಆರೋಪದ ಪದ ಅರಬ್ಬಿ. ಆ ಆರೋಪವನ್ನು ಅವರಿಗೆ ಸರಿಯಾಗಿ ಬಿಡಿಸಿ ಹೇಳಲೇ ಇಲ್ಲ ಎಂಬುದು ವಕೀಲರ ವಾದಗಳಲ್ಲಿ ಒಂದು. ಇನ್ನೊಂದು ವಾದ ಬಸಿರಿನದು. ಬಸಿರು ಹೊಟ್ಟೆಯಲ್ಲೇ ನಿದ್ದೆ ಹೋಗಿ ಐದು ವರ್ಷದವರೆಗೆ ಇರಬಹುದು ಎಂದು ಮಾಲಿಕಿ ಶಾಸ್ತ್ರ ಒಪ್ಪುತ್ತದೆ. ಹಾಗಾದರೆ ಮಗು ಹಳೆಯ ಗಂಡನದೇ ಯಾಕಾಗಬಾರದು? ವೈದ್ಯರು ನಗಬಹುದು. ಆದರೆ ಬಸಿರನ್ನೇ ಸಾಕ್ಷಿ ಮಾಡಿದ ಶಾಸ್ತ್ರವೇ ಬಿಟ್ಟ ಕಿಂಡಿ ಅದು. 2003ರ ಸೆಪ್ಟೆಂಬರ್ 25ರಂದು ಕಟ್ಸಿನಾದ ಶರಿಯಾ ಮೇಲ್ಮನವಿ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಾಧೀಶರು ಆಮಿನಾ ಅವರನ್ನು ಬಿಡುಗಡೆ ಮಾಡಿದರು. ಕೂಡಿದ್ದನ್ನು ಯಾರೂ ಕಂಡಿಲ್ಲ, ಕೆಳಗಿನ ಕೋರ್ಟಲ್ಲಿ ಮೂವರು ಕೂರಬೇಕಾದಲ್ಲಿ ಒಬ್ಬರೇ ಕೂತಿದ್ದರು, ತಪ್ಪೊಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಆಕೆಗಿದೆ ಎಂದರು.

ಹೀಗೆ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಅರಬ್ಬಿಯಲ್ಲಿ ‘ರುಜೂ’ ಎನ್ನುತ್ತಾರೆ. ಹಿಂತಿರುಗುವುದು ಎಂದು ಅರ್ಥ. ನಮ್ಮ ‘ರುಜುವಾತು’ ಇದರದೇ ನಂಟಾ, ಅಥವಾ ಸಂಸ್ಕೃತದ ‘ಋಜು’ ಕಡೆಯದಾ? ಮರಾಠಿ ದಫ್ತರ ನೋಡಿದವರು ಯಾರಾದರೂ ಇದ್ದರೆ ಹೇಳಿ. ಕರಡು ಶುಕ್ರವಾರ ಕೊಡಬೇಕು.